ಅಕ್ಕ ಕೊಲೆಗಾರರು ಯಾರೆಂದು ಹೇಳದ ಭಾನುವಾರ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಜೊತೆ ಟಿವಿ ಮುಂದೆ ಕೂರುವುದು ನನ್ನ ಬಹಳ ವರ್ಷಗಳ ರೂಢಿ. ಅಕ್ಕ ಮದುವೆಯಾಗಲಿಲ್ಲ, ದೊಡ್ಡಬಳ್ಳಾಪುರದ ತವರಿನಲ್ಲೇ ಅಮ್ಮನ ಜೊತೆ ಮಗ್ಗ ನೋಡಿಕೊಂಡಿದ್ದಾಳೆ. ನಾನು ಅದೇ ಊರಿನ ಗಂಡನ ಮನೆಯಿಂದ ಬರುತ್ತೇನೆ.

ನಾವು ನೋಡುವ ಅಪರಾಧದ ಧಾರಾವಾಹಿ ಪ್ರತಿವಾರವೂ ಒಂದೇ ಅಚ್ಚಿನದು. ಮೊದಲು ನಗುನಗುತ್ತಿರುವ ಕುಟುಂಬ, ಆಮೇಲೆ ಹೆಣ, ಆಮೇಲೆ ಕಪ್ಪು ಕನ್ನಡಕದ ಇನ್ಸ್‌ಪೆಕ್ಟರ್. ಕೊನೆಗೆ ಎಲ್ಲರಿಗಿಂತ ಜಾಸ್ತಿ ಅತ್ತವರೇ ಕೊಂದವರು. ಅದನ್ನು ಯಾರು ಮೊದಲು ಹೇಳುತ್ತಾರೆ ಎಂಬುದೇ ನಮ್ಮ ಪೈಪೋಟಿ. ಚಿಕ್ಕಂದಿನಲ್ಲಿ ಎಲ್ಲದರಲ್ಲೂ ನನಗೇ ಮೊದಲ ಪಾಲು ಸಿಗುತ್ತಿತ್ತು. ಇದೊಂದರಲ್ಲಿ ಅಕ್ಕ ಬಿಟ್ಟುಕೊಡುತ್ತಿರಲಿಲ್ಲ.

ಕಳೆದ ವರ್ಷ ಒಂದು ಭಾನುವಾರ ಬಂದದ್ದು ಅಕ್ಕತಂಗಿಯರ ಕಥೆ. ತಂಗಿ ಬಾವಿಯಲ್ಲಿ ಹೆಣವಾಗಿದ್ದಳು.

"ಅವಳಕ್ಕನೇ ಮಾಡಿರೋದು ಕಣಕ್ಕಾ, ನೋಡ್ತಿರು," ಎಂದೆ.

ಅಕ್ಕ ಅಂದು ಪೈಪೋಟಿಗೆ ಬರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಹುಟ್ಟಿದಾಗಿನಿಂದ ಕೇಳಿದ ಸದ್ದು ಹಾಗೆ ಥಟ್ಟನೆ ನಿಂತರೆ ಎದೆ ಧಸಕ್ಕೆನ್ನುತ್ತದೆ. ಟಿವಿಯ ಕಪ್ಪು ಗಾಜಿನಲ್ಲಿ ನಾವಿಬ್ಬರೂ ಮಸುಕಾಗಿ ಕಾಣುತ್ತಿದ್ದೆವು. ಅದರೊಳಗಿನ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ನೀನು ಸಂಪೊಳಗೆ ಬಿದ್ದಿದ್ದು ನೆನಪಿದ್ಯಾ?" ಎಂದಳು.

ನನಗಾಗ ನಾಲ್ಕು ವರ್ಷ, ಅವಳಿಗೆ ಒಂಬತ್ತು. ಹಿತ್ತಲಿನ ನೀರಿನ ಸಂಪಿನೊಳಗೆ ಬಿದ್ದ ನನ್ನನ್ನು ಅಕ್ಕ ಎಳೆದು ಉಳಿಸಿದಳೆಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೆ ನೆನಪಿದ್ದದ್ದು ಕುತ್ತಿಗೆಯವರೆಗಿನ ನೀರು, ಕತ್ತಲೆ, ಆಮೇಲೆ ಅಕ್ಕನ ಕೈ. ನಡುಹಗಲಲ್ಲಿ ಕತ್ತಲೆ ಯಾಕಿತ್ತೆಂದು ಯಾವತ್ತೂ ಯೋಚಿಸಿರಲಿಲ್ಲ.

"ನಾನು ತಳ್ಳಿಲ್ಲ, ನೀನೇ ಜಾರಿ ಬಿದ್ದೆ. ಆದ್ರೆ ಮುಚ್ಚಳ ಎಳ್ದಿದ್ದು ನಾನು ಕಣೇ. ಎಳ್ದು ಅದ್ರ ಮೇಲೇ ಕೂತ್ಕೊಂಡೆ."

ಊಟಕ್ಕೆ ಕರೆಯುವಾಗಿನ ದನಿಯೇ ಅದು.

"ಮತ್ಯಾಕೆ ತೆಗ್ದೆ?"

"ಒಳಗಿಂದ ಕೂಗ್ದೆಯಲ್ಲ... ಅಮ್ಮನ್ನ ಕೂಗ್ತೀಯ ಅಂದ್ಕೊಂಡಿದ್ದೆ. ನೀನು ನನ್ನ ಕೂಗ್ದೆ."

ಕರೆಂಟ್ ಬಂತು. ಮಗ್ಗಗಳು ಒಂದೊಂದಾಗಿ ಬಡಿದುಕೊಳ್ಳತೊಡಗಿದವು. ಟಿವಿಯಲ್ಲಿ ಸೋಪಿನ ಜಾಹೀರಾತು ಓಡುತ್ತಿತ್ತು. ಕಥೆ ಮುಗಿದೇ ಹೋಗಿತ್ತು. ಅಕ್ಕ ಎದ್ದು ಕಾಫಿಗೆ ಹಾಲಿಟ್ಟಳು. ನಾನು ಬೇಡವೆನ್ನಲಿಲ್ಲ.

ಅಮ್ಮನಿಗೆ ಈವರೆಗೂ ಹೇಳಿಲ್ಲ. ಅಕ್ಕನೂ ಆ ಮಾತು ಮತ್ತೆ ಎತ್ತಿಲ್ಲ. ಈಗಲೂ ವಾರವಾರ ಹೋಗುತ್ತೇನೆ. ಊಟವಾಗಿ ಕೈ ತೊಳೆಯಲು ಹಿತ್ತಲಿಗೆ ಹೋಗುವಾಗ ಮಾತ್ರ, ಅವಳನ್ನು ಮುಂದೆ ಬಿಟ್ಟು ನಾನು ಹಿಂದೆ ನಡೆಯುತ್ತೇನೆ.