ಸೆಲ್ಫ್ ಮೇಸ್ತ್ರಿಯ ಹೆಂಡತಿ

ಕಾರಿನ ಎಂಜಿನ್ನನ್ನು ಎಬ್ಬಿಸುವ ಪುಟ್ಟ ಮೋಟಾರಿಗೆ ಡ್ರೈವರುಗಳೆಲ್ಲ ಸೆಲ್ಫ್ ಎನ್ನುತ್ತಾರೆ. ಅದರ ರಿಪೇರಿಯಲ್ಲೇ ಕೂದಲು ನರೆಸಿಕೊಂಡದ್ದರಿಂದ ಬೀದಿಯ ಮೆಕ್ಯಾನಿಕ್ಕಿಗೆ ಸೆಲ್ಫ್ ಮೇಸ್ತ್ರಿ ಎಂದೇ ಹೆಸರು ಬಿತ್ತು. ಅವರ ಹೆಂಡತಿ ಬೀದಿಗೆಲ್ಲ ಅಕ್ಕ. ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಅಡುಗೆಮನೆಯ ಕಿಟಕಿ. ಮೂವತ್ತೆಂಟು ವರ್ಷ ಅಕ್ಕ ಕಿಟಕಿಯ ಈಚೆ ಈರುಳ್ಳಿ ಹೆಚ್ಚಿದಳು, ಆಚೆ ಗಾಡಿಗಳು ಕೆಮ್ಮಿದವು, ಗೊರಗುಟ್ಟಿದವು.

ಮದುವೆಯಾದ ಹೊಸದರಲ್ಲಿ ಆ ಗದ್ದಲಕ್ಕೆ ಅವಳ ತಲೆ ಸಿಡಿಯುತ್ತಿತ್ತು. ಬರಬರುತ್ತ ಅದೇ ಒಂದು ಆಟವಾಯಿತು. ಊಟಕ್ಕೆ ಕೂತ ಗಂಡ ಕೇಳುತ್ತಿದ್ದರು:

"ಬೆಳಿಗ್ಗೆ ಬಂತಲ್ಲ ಹಸಿರು ವ್ಯಾನು, ಅದಕ್ಕೇನಾಗಿತ್ತು ಹೇಳು ನೋಡೋಣ."

"ಟಕ್ ಅಂದು ಸುಮ್ಮನಾಗ್ತಿತ್ತು. ಬ್ಯಾಟರಿ ಇಳಿದಿತ್ತು, ಇನ್ನೇನು."

"ಭಲೆ! ನಾಳೆಯಿಂದ ನೀನು ಸ್ಪ್ಯಾನರ್ ಹಿಡಿ, ನಾನು ಸೌಟು ಹಿಡೀತೀನಿ."

ಸೌಟು ಅವರೆಂದೂ ಹಿಡಿಯಲಿಲ್ಲ, ಆ ಮಾತು ಬೇರೆ.

ಅರವತ್ತೈದು ದಾಟುತ್ತಲೇ ಮೇಸ್ತ್ರಿಯ ಕಿವಿ ಮಂದವಾಯಿತು. ಎರಡು ವರ್ಷದಲ್ಲಿ ಏನೂ ಕೇಳಿಸದಾಯಿತು. ಒಮ್ಮೆ ಸರಿಯಿದ್ದ ಮೋಟಾರನ್ನೇ ಬಿಚ್ಚಿ ಹರವಿ, ಗಿರಾಕಿಯ ಎದುರು ತಲೆ ತಗ್ಗಿಸಬೇಕಾಯಿತು. ಅಂದೇ ಷಟರ್ ಎಳೆದರು. ಮನೆಯಲ್ಲಿ ಮಾತೂ ಕಡಿಮೆಯಾಯಿತು. ಈಗ ಕಿಟಕಿಯಾಚೆಯ ಮೌನಕ್ಕೆ ಅಕ್ಕನ ತಲೆ ಸಿಡಿಯತೊಡಗಿತು.

ಹೀಗಿರುವಾಗ ಒಂದು ಬೆಳಿಗ್ಗೆ, ತೀರಿಹೋದ ಡಾಕ್ಟರ ಮಗಳು, ಶಾಲೆಯ ಟೀಚರು, ತಂದೆಯ ಕರಿ ಕಾರನ್ನು ನಾಲ್ಕು ಜನರಿಂದ ತಳ್ಳಿಸಿಕೊಂಡು ಬಂದಳು. ಆ ಕಾರಿನ ನರನಾಡಿಯೆಲ್ಲ ಮೇಸ್ತ್ರಿಗೆ ಗೊತ್ತು.

"ಮೂರು ಕಡೆ ತೋರಿಸಿದ್ದಾಯ್ತು ಅಕ್ಕಾ. ಒಬ್ಬರು ಬ್ಯಾಟರಿ ಬದಲಾಯಿಸಿದ್ರು, ಇನ್ನೊಬ್ಬರು ಸ್ವಿಚ್ಚು. ಮೂರನೆಯವರು ಗುಜರಿಗೆ ಹಾಕಿ ಅಂದ್ರು."

ಗುಜರಿ ಎಂಬ ಮಾತು ತುಟಿಯಿಂದಲೇ ತಿಳಿದಿರಬೇಕು. "ಕಿವುಡನ ಹತ್ರ ತಂದ್ಯಲ್ಲಮ್ಮ" ಎಂದು ಗೊಣಗುತ್ತಲೇ ಮೇಸ್ತ್ರಿ ಷಟರ್ ಎತ್ತಿದರು. ಬಾನೆಟ್ ತೆರೆದು, ಮೋಟಾರಿನ ಮೇಲೆ ಅಂಗೈ ಒತ್ತಿ, "ಹೊಡಿಯಮ್ಮ ಸೆಲ್ಫ್" ಎಂದರು. ಮೋಟಾರು ನಡುಗಿತು, ಎಂಜಿನ್ ಅಲುಗಲಿಲ್ಲ. ಇನ್ನೊಮ್ಮೆ ಹೊಡೆದರೂ ಅದೇ ಪಾಡು.

"ಎಂಜಿನ್ನಿನ ದೊಡ್ಡ ಚಕ್ರದ ಹಲ್ಲು ಸವೆದಿರ್ಬೇಕು. ಗೇರ್‌ಬಾಕ್ಸ್ ಇಳಿಸ್ಬೇಕಾಗುತ್ತೆ. ಈ ವಯಸ್ಸಲ್ಲಿ ನನ್ನ ಕೈಲಾಗಲ್ಲ."

ಕೆಲಸದ ಹೊತ್ತಿನಲ್ಲಿ ಅಕ್ಕ ಎಂದೂ ಅಂಗಡಿಗೆ ಕಾಲಿಟ್ಟವಳಲ್ಲ. ಈಗ ನೆಟ್ಟಗೆ ಹೋಗಿ ಗಂಡನ ತೋಳು ಹಿಡಿದಳು.

"ಹಲ್ಲು ಸವೆದಿದ್ರೆ ಕರಕರ ಅನ್ಬೇಕು ರೀ. ಇದು ಸುಯ್ ಅಂತ ಖಾಲಿ ತಿರುಗ್ತಿದೆ."

ಅವರಿಗೆ ತಿಳಿಯಲಿಲ್ಲ. ಅವಳು ಒಂದು ಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿ, ಇನ್ನೊಂದು ಅಂಗೈಯನ್ನು ದೂರ ಹಿಡಿದು ತೋರಿಸಿದಳು.

"ಖಾಲಿ?" ಎಂದರು ಮೇಸ್ತ್ರಿ. ಅವಳು ತಲೆಯಾಡಿಸಿದಳು.

ಅರ್ಧ ಗಂಟೆಯಲ್ಲಿ ಮೋಟಾರು ಕೆಳಗಿಳಿಯಿತು. ಅದರ ತುದಿಯಲ್ಲೊಂದು ಸಣ್ಣ ಹಲ್ಲಿನ ಚಕ್ರ. ಮೋಟಾರು ತಿರುಗಿದೊಡನೆ ಅದು ಸರ್ರನೆ ಜಾರಿ ದೊಡ್ಡ ಚಕ್ರವನ್ನು ಕಚ್ಚಬೇಕು. ಇಲ್ಲಿ ಎಣ್ಣೆ, ಧೂಳು ಬೆರೆತು ಅಂಟಾಗಿ, ಅದು ಕೂತಲ್ಲೇ ಕೂತಿತ್ತು.

"ಯಾರು ಎಣ್ಣೆ ಬಿಟ್ಟಿದ್ದು?"

ಟೀಚರು ತನ್ನ ಶಾಲೆಯ ಮಕ್ಕಳ ಹಾಗೆ ಕೈಯೆತ್ತಿದಳು. "ಹೋದ ವರ್ಷ ಸರ್ವೀಸಿಗೆ ಬಿಚ್ಚಿದ್ದಾಗ, ಒಳ್ಳೇದಾಗ್ಲಿ ಅಂತ ಹೊಲಿಗೆ ಮೆಷಿನ್ ಎಣ್ಣೆ..."

ಅಕ್ಕ ಹೊಲಿಗೆ ಮೆಷಿನ್ ತುಳಿಯುವಂತೆ ನಟಿಸಿ ಗಂಡನಿಗೆ ತಿಳಿಸಿದಳು. ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕರು. ಆ ನಗು ನೋಡಿ ಎಷ್ಟು ತಿಂಗಳಾಗಿತ್ತೋ, ಅಕ್ಕ ಇನ್ನೊಮ್ಮೆ ಮೆಷಿನ್ ತುಳಿದು ತೋರಿಸಿದಳು.

"ಇದಕ್ಕೆ ಎಣ್ಣೆಯೇ ಶತ್ರು ಕಣಮ್ಮ" ಎಂದು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ ಕೂರಿಸಿದರು. ಈ ಸಲ ಸುಯ್ ಎನ್ನುವಷ್ಟರಲ್ಲಿ ಹಲ್ಲು ಕಚ್ಚಿತು, ಎಂಜಿನ್ ಗುಡುಗಿತು. ಒಂದು ಕಾಲಕ್ಕೆ ಆ ಸದ್ದಿಗೆ, ಡಾಕ್ಟರು ಬಂದರೆಂದು, ಬೀದಿಯವರು ಜ್ವರದ ಮಕ್ಕಳನ್ನೆತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರು. ಅಕ್ಕನೂ ಎಷ್ಟೋ ಸಲ ಹಾಗೆ ನಿಂತವಳೇ. ಟೀಚರು ಸ್ಟೀರಿಂಗ್ ಹಿಡಿದೇ ಕಣ್ಣೊರೆಸಿಕೊಂಡಳು.

"ಏನಂತಿದೆ?" ಎಂದು ಮೇಸ್ತ್ರಿ ಹೆಂಡತಿಯನ್ನು ಕೇಳಿದರು.

"ಚೆನ್ನಾಗಿದೆ. ಸಣ್ಣಗೆ ಕಿರ್ ಅಂತಿದೆ, ಬೆಲ್ಟು ಇರ್ಬೇಕು."

"ಎದುರು ನಿಂತು ಬಿಡಿಸಿ ಹೇಳೇ!"

ಮರುವಾರದಿಂದ ದಿನಾ ಬೆಳಿಗ್ಗೆ ಎರಡು ಗಂಟೆ ಅಂಗಡಿ ತೆರೆಯಿತು. ಸ್ಟೂಲು ಕೊಟ್ಟರೆ ಬರಲ್ಲವೆಂದು ಅಕ್ಕ ಹಟ ಹಿಡಿದು ಕುರ್ಚಿ ಹಾಕಿಸಿಕೊಂಡಳು. ಹಾಗೆ ಇನ್ನೂ ನಾಲ್ಕು ವರ್ಷ ನಡೆಯಿತು. ಗಂಡಹೆಂಡಿರ ವಾದ ಮಾತ್ರ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು.