ಪಡಸಾಲೆಯ ಕೆಳಗಿನ ಹಗೇವು

1943ರಲ್ಲಿ ನಾನು ಕೊಪ್ಪಳದಲ್ಲಿ ಬಾಡಿಗೆ ಮನೆಗಳ ದಲಾಲಿ ಮಾಡುತ್ತಿದ್ದೆ. ಕಲಿತದ್ದು ಮೂರನೇ ತರಗತಿ. ಆಗ ಕೋಟೆಯ ಕೆಳಗಿನ ಹಳೆಯ ಪೇಟೆಯಲ್ಲಿ ಕಚೇರಿ ತೆರೆಯುವುದೇ ದೊಡ್ಡಸ್ತಿಕೆ. ವಕೀಲರಿಗೂ ಹತ್ತಿ ವ್ಯಾಪಾರಿಗಳಿಗೂ ಅಲ್ಲೇ ಜಾಗ ಬೇಕು. ಕೆತ್ತನೆಯ ಬಾಗಿಲಿನ ಮನೆಯೊಂದು ಖಾಲಿಯಾದರೆ ಸುದ್ದಿ ಹಬ್ಬುವ ಮೊದಲೇ ನಾನು ಬೀಗದ ಕೈ ಹಿಡಿದು ನಿಂತಿರುತ್ತಿದ್ದೆ.

ಆ ವರ್ಷ ಶೇಂಗಾ ಖರೀದಿಸುವ ಕಂಪನಿಯೊಂದರ ಏಜಂಟರು ಹುಬ್ಬಳ್ಳಿಯಿಂದ ಬಂದರು. ಅವರಿಗೆ ತೋರಿಸಿದ ಮನೆಯ ಮಾಲಕರು ಅಳವಂಡಿಯಲ್ಲಿ ನೆಲೆಸಿದ್ದರು. ಮನೆ ನನಗೆ ಹೊಸದಲ್ಲ. ನಮ್ಮಪ್ಪ ಅಲ್ಲಿ ಆಳಾಗಿದ್ದ. ಪಡಸಾಲೆಯ ನೆಲದಡಿ ಒಂದು ಹಗೇವು ಇತ್ತು. ಹಗೇವು ಅಂದರೆ ಜೋಳ ತುಂಬಿಡಲು ತೋಡಿದ ಆಳವಾದ ಗುಂಡಿ. ಬಾಯಿ ಸಣ್ಣದು, ಒಳಗೆ ಗಡಿಗೆಯಂತೆ ಅಗಲ. ನಾವು ಹುಡುಗರಾಗಿದ್ದಾಗ ನನ್ನನ್ನೂ ತಮ್ಮ ದ್ಯಾಮಣ್ಣನನ್ನೂ ಸೊಂಟಕ್ಕೆ ಹಗ್ಗ ಕಟ್ಟಿ ಅದರೊಳಗೆ ಇಳಿಸುತ್ತಿದ್ದರು. ಮೊದಲು ಬಾಯಿ ತೆರೆದು ಬಹಳ ಹೊತ್ತು ಬಿಡುವರು, ಆಮೇಲೆ ದೀಪ ಇಳಿಸಿ ನೋಡುವರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ.

ಈಗ ಅದರ ಬಾಯಿಗೆ ಹಾಸುಗಲ್ಲು ಮುಚ್ಚಿ, ಸೆಗಣಿ ಸಾರಿಸಿದ್ದರು.

"ನೆಲ ಗಟ್ಟಿ ಐತೇನ್ರಿ? ನಮ್ಮ ತಿಜೋರಿ ಭಾಳ ಭಾರ ಐತಿ" ಎಂದು ಏಜಂಟರು ಕೇಳಿದರು.

"ಬೇಕಾದ್ರ ಆನಿ ತಂದು ನಿಲ್ಲಸ್ರಿ" ಎಂದೆ. ಹಗೇವಿನ ಮಾತು ಎತ್ತಿದ್ದರೆ ಅವರು ಪಕ್ಕದ ಓಣಿಯ ಮನೆಗೆ, ಇನ್ನೊಬ್ಬ ದಲಾಲಿಯ ಕೈಗೆ ಹೋಗುತ್ತಿದ್ದರು.

ದ್ಯಾಮಣ್ಣ ಸ್ಟೇಷನ್ನಿನಲ್ಲಿ ಹಮಾಲ. ತಿಜೋರಿ ತಂದ ನಾಲ್ವರಲ್ಲಿ ಅವನೂ ಒಬ್ಬ. ಅದನ್ನು ಹಗ್ಗಗಳಿಂದ ಬಿದಿರ ಬೊಂಬಿಗೆ ಬಿಗಿದು ಹೊತ್ತಿದ್ದರು.

"ನಿಮ್ಮಣ್ಣಗ ದಲಾಲಿ, ನಮಗ ಬೆನ್ನ ಬ್ಯಾನಿ" ಎಂದು ಹಿಂದೆ ಹೊತ್ತಿದ್ದ ಹಮಾಲ ಯಮನೂರ ಕೆಣಕಿದ.

"ಬಾಯ್ಲೆ ಹೊರೂದಿದ್ರ ನೀ ಒಬ್ಬನ ಸಾಕಿತ್ತು ಬಿಡಲೇ" ಎಂದು ದ್ಯಾಮಣ್ಣ ನಕ್ಕ. ಹೊಸ್ತಿಲು ದಾಟಿದವನು ತಟ್ಟನೆ ನಿಂತ.

"ಅಣ್ಣಾ, ಹಗೇವು ಇದ್ದದ್ದು ಇಲ್ಲೇ ಅಲ್ಲೇನು?"

ಏಜಂಟರು ನನ್ನ ಮುಖ ನೋಡಿದರು.

"ಅದನ್ನ ಯಾವಾಗೋ ಮಣ್ಣು ಹಾಕಿ ತುಂಬ್ಯಾರ. ನಡಿ ಸುಮ್ನ" ಎಂದೆ. ತುಂಬಿದ್ದನ್ನು ನಾನು ಕಂಡಿರಲಿಲ್ಲ, ಯಾರೂ ನನಗೆ ಹೇಳಿರಲೂ ಇಲ್ಲ. ತಮ್ಮ ಮತ್ತೆ ಕೇಳದೆ ಕಾಲಿಟ್ಟ.

ಹಾಸುಗಲ್ಲು ಸೀಳಿತು. ದ್ಯಾಮಣ್ಣ ಕಣ್ಣೆದುರೇ ಕೆಳಗೆ ಹೋದ. ತಿಜೋರಿ ವಾಲಿ ಗುಂಡಿಯ ಅಂಚಿಗೆ ಕುಕ್ಕರಿಸಿತು. ಉಳಿದವರು ಹಗ್ಗ ಜಗ್ಗಿ ಅದನ್ನು ಹಿಂದಕ್ಕೆ ಎಳೆದರು.

"ಕಾಲು ಮುರೀತು... ಹಗ್ಗ ಬಿಡ್ರಿ" ಎಂದು ದ್ಯಾಮಣ್ಣ ಕೆಳಗಿನಿಂದ ಕೂಗಿದ.

"ಎಷ್ಟು ಆಳ ಐತಿ? ಯಾರಿಗರ ಗೊತ್ತೈತೇನು?" ಎಂದು ಏಜಂಟರು ಚೀರಿದರು.

ನನಗೆ ಆಳವೂ ಗೊತ್ತಿತ್ತು, ಗಾಳಿಯೂ ಗೊತ್ತಿತ್ತು. ಬಾಯಿ ಬಿಟ್ಟರೆ ನನ್ನ ಸುಳ್ಳೂ ಹೊರಬೀಳುತ್ತಿತ್ತು. ಸುಮ್ಮನೆ ನಿಂತೆ. ಯಮನೂರ ರುಮಾಲು ಎಸೆದು ಗುಂಡಿಗೆ ಕಾಲು ಇಳಿಬಿಟ್ಟ.

"ಇಳಿಬ್ಯಾಡೋ! ಗಾಳಿ ಕೆಟ್ಟೈತಿ, ನೀನೂ ಸಾಯ್ತಿ!" ಎಂದು ಆಗ ಕೂಗಿದೆ. ಅಷ್ಟರಲ್ಲಿ ಕೆಳಗಿನ ದನಿ ನಿಂತಿತ್ತು. ನಾನು ಕೂಡಲೇ ಹೇಳಿ ಹಗ್ಗ ಇಳಿಬಿಡಿಸಿದ್ದರೆ ತಮ್ಮ ತಾನೇ ಸೊಂಟಕ್ಕೆ ಕಟ್ಟಿಕೊಂಡು ಮೇಲೆ ಬರುತ್ತಿದ್ದ.

ತಿಜೋರಿಯ ಹಗ್ಗಗಳನ್ನು ಬಿಚ್ಚಿಸಿ, ಸೊಂಟಕ್ಕೆ ಒಂದನ್ನು ಬಿಗಿದು, ಇನ್ನೊಂದನ್ನು ಕೈಯಲ್ಲಿ ಹಿಡಿದೆ. "ನಾ ಜಗ್ಗಿದ್ರ ಎಳೀರಿ, ಸ್ವಲ್ಪ ಹೊತ್ತಿನ್ಯಾಗ ಜಗ್ಗದಿದ್ರೂ ಎಳೀರಿ" ಎಂದು ಹೇಳಿ ಉಸಿರು ಬಿಗಿಹಿಡಿದು ಇಳಿದೆ. ಕತ್ತಲಲ್ಲಿ ಅವನ ಕಂಕುಳಿಗೆ ಹಗ್ಗ ಸುತ್ತುವಾಗ ಗಂಟು ಒಮ್ಮೆ ಬಿಚ್ಚಿಹೋಯಿತು, ಮತ್ತೆ ಬಿಗಿದೆ. ಇಬ್ಬರನ್ನೂ ಎಳೆದು ಹೊರಗಿನ ಕಟ್ಟೆಯ ಮೇಲೆ ಮಲಗಿಸಿದರು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ತೆರೆದ.

ತೊಡೆಯ ಎಲುಬು ಸರಿಯಾಗಿ ಕೂಡಲಿಲ್ಲ. ದ್ಯಾಮಣ್ಣ ಮತ್ತೆ ಭಾರ ಹೊರಲಿಲ್ಲ. ಏಜಂಟರು ಅವನನ್ನು ನೋಡಲು ಮನೆಗೆ ಬಂದು, ಹಗೇವಿನ ಬಗ್ಗೆ ನನ್ನ ಎದುರೇ ವಿಚಾರಿಸಿದರು.

"ತುಂಬೇವಿ ಅಂತ ಮಾಲಕರ ಹೇಳಿದ್ರರಿ. ನಾನೂ ಅಲ್ಲೇ ಇದ್ದೆ. ಪಾಪ, ಅಣ್ಣ ಏನ್ ಮಾಡ್ತಾನ?" ಎಂದ ತಮ್ಮ.

ಹಾಗೆ ಹೇಳಿಯೇ ಇರದ ಅಳವಂಡಿಯ ಆ ಮುದುಕ ಮಾಲಕರ ಮೇಲೆ ಅಪವಾದ ಬಂತು. ನಾನು ತಿದ್ದಲಿಲ್ಲ. ಏಜಂಟರು ನನ್ನ ಮೂಲಕವೇ ಬೇರೆ ಮನೆ ಹಿಡಿದರು.

ಆಮೇಲೆ ಯಾವ ಮನೆ ತೋರಿಸಿದರೂ ಅದರ ದೋಷವನ್ನು ಮೊದಲು ಹೇಳಿ, ಬಾಗಿಲಿನ ಕೆತ್ತನೆಯನ್ನು ಕೊನೆಗೆ ತೋರಿಸುವುದನ್ನು ಆ ಘಟನೆ ನನಗೆ ಕಲಿಸಿತು. ದ್ಯಾಮಣ್ಣ ನನ್ನ ಜೊತೆಗೇ ದಲಾಲಿಗೆ ಬಂದ. ಗಿರಾಕಿಗಳ ಮುಂದೆ ನನ್ನನ್ನು ಹೊಗಳುತ್ತಿದ್ದ. ಆದರೆ ಒಳಗೆ ಹೋಗುವ ಮೊದಲು ಕೋಲಿನಿಂದ ನೆಲ ಬಡಿದು ಸದ್ದು ಆಲಿಸುತ್ತಿದ್ದ. ನಾನು ಪಕ್ಕದಲ್ಲೇ ನಿಂತಿದ್ದರೂ, ನೆಲ ಹೇಗಿದೆ ಎಂದು ಅವನು ನನ್ನನ್ನು ಮತ್ತೆಂದೂ ಕೇಳಲಿಲ್ಲ.