ಬಾಳಿಕೆ ಬರುವ ಕಪ್ಪು ಪುಡಿ

ಬೆಂಗಳೂರಿಗೆ ಬಂದ ಮೊದಲ ದಿನ ನಾನು ಕನ್ನಡದಲ್ಲಿ ಕೇಳಿದೆ, ಉತ್ತರ ಹಿಂದಿಯಲ್ಲಿ ಬಂತು. ಹೆಬ್ಬಾಳದ ಫ್ಲೈಓವರ್ ಕೆಳಗೆ ನಿಂತಿದ್ದ ಆಟೋದವರಿಗೆ, "ಅಣ್ಣಾರ, ಬ್ಯಾಟರಾಯನಪುರಕ್ಕ ಬರ್ತೀರೇನ್ರಿ?" ಎಂದಿದ್ದೆ. ಅವರು ನನ್ನ ಚೀಲಗಳನ್ನೊಮ್ಮೆ ನೋಡಿ, "ಕಿಧರ್ ಜಾನಾ ಮೇಡಂ?" ಎಂದರು. ಕಲಬುರಗಿಯಿಂದ ರಾತ್ರಿಯಿಡೀ ರೈಲಿನಲ್ಲಿ ಬಂದವಳಿಗೆ ರಾಜ್ಯದ ಗಡಿ ದಾಟದೆಯೇ ಪರದೇಶ ಸೇರಿದಂತಾಯಿತು. ಮತ್ತೊಮ್ಮೆ ನಿಧಾನವಾಗಿ ಕೇಳಿದ ಮೇಲೆ, "ಓ, ನಮ್ಮೋರೇನಾ! ಕೂತ್ಕೊಳಿ" ಎಂದು ನಕ್ಕರು. ನಾನೂ ನಕ್ಕು ಹತ್ತಿ ಕೂತೆ.

ಮಹಡಿಯ ಮೇಲಿನ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯೊಡತಿ ಜಯಮ್ಮ ಅಲ್ಲೇ ಹುಟ್ಟಿ ಬೆಳೆದವರು. ಈಗ ಕಾರುಗಳು ನಿಲ್ಲುವ ಜಾಗದಲ್ಲಿ ತಮ್ಮಪ್ಪ ರಾಗಿ ಬಿತ್ತುತ್ತಿದ್ದುದನ್ನು ಕಂಡವರು. ನನ್ನ ಕೆಲಸ ಏನೆಂದು ಕೇಳಿದರು. ಹೈಡ್ರೋಜನ್ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಅವರ ಮುಖ ಗಂಭೀರವಾಯಿತು.

"ಅಯ್ಯೋ, ಬಾಂಬಿಗಾಕೋದಲ್ವಾ ಅದು? ಮನೇಲೇನೂ ಮಾಡಾಕಿಲ್ಲ ತಾನೆ?"

ಇಲ್ಲವೆಂದು ಆಣೆ ಮಾಡಿ ತಿಳಿಸಿ ಹೇಳಿದೆ. ಫ್ಯೂಯೆಲ್ ಸೆಲ್ ಎಂಬ ಪೆಟ್ಟಿಗೆಯೊಳಗೆ ಹೈಡ್ರೋಜನ್ ಮತ್ತು ಗಾಳಿಯಲ್ಲಿರುವ ಆಮ್ಲಜನಕ ಕೂಡಿದರೆ ಕರೆಂಟು ಹುಟ್ಟುತ್ತದೆ, ಹೊಗೆಯ ಬದಲು ನೀರು ಬರುತ್ತದೆ. ಅವು ಬೇಗ ಕೂಡುವಂತೆ ಮಾಡಲು ಒಂದು ಕಪ್ಪು ಪುಡಿ ಬೇಕು. ಇಂಗಾಲದ ಮೇಲೆ ಪ್ಲಾಟಿನಂ ಕಣಗಳನ್ನು ಕೂರಿಸಿದ ಪುಡಿ, ಅದೇ ವೇಗವರ್ಧಕ. ಬೆಲೆಬಾಳುವ ಆ ಪುಡಿ ಬೇಗ ಕೆಡದಂತೆ ನೋಡಿಕೊಳ್ಳುವುದೇ ಯಲಹಂಕದ ಹತ್ತಿರದ ಪ್ರಯೋಗಾಲಯದಲ್ಲಿ ನನ್ನ ಕೆಲಸ.

ಜಯಮ್ಮ ಪೂರ್ತಿ ಕೇಳಿಸಿಕೊಂಡು, "ಬಾಳಿಕೆ ಬರೋ ಅಂಗೆ ಮಾಡ್ಬೇಕು ಅನ್ನು" ಎಂದು ಬೀಗದ ಕೈ ಕೊಟ್ಟರು.

ನಮ್ಮಲ್ಲಿ ಬಿಸಿಲಿಗೆ ಹೆದರಿ ಕಿಟಕಿ ಮುಚ್ಚುತ್ತೇವೆ. ಇಲ್ಲಿ ಡಿಸೆಂಬರಿನ ಗಾಳಿಗೆ ಹೆದರಿ ನಾನೊಬ್ಬಳೇ ಮುಚ್ಚುತ್ತಿದ್ದೆ. ನಮ್ಮಲ್ಲಿ ಅಂಗಳದಲ್ಲಿ ನಿಂತರೆ ಬೀದಿಯೆಲ್ಲ ಮಾತಾಡಿಸುತ್ತದೆ. ಇಲ್ಲಿ ಎದುರು ಮನೆಯವರ ಹೆಸರು ಗೊತ್ತಾಗುವಷ್ಟರಲ್ಲಿ ಅವರು ಖಾಲಿ ಮಾಡಿರುತ್ತಾರೆ. ಜೋಳದ ರೊಟ್ಟಿಗಾಗಿ ಭಾನುವಾರ ಬಸ್ಸು ಹತ್ತಿ ಯಶವಂತಪುರದ ಖಾನಾವಳಿಗೆ ಹೋಗುತ್ತಿದ್ದೆ. ತಟ್ಟೆ ಮುಂದೆ ಬಂದಾಗ ಒಂದೊಂದು ಸಲ ಕಣ್ಣು ತುಂಬಿ, ಖಾರಕ್ಕೆ ಎಂದು ನೆಪ ಹೇಳಿಕೊಳ್ಳುತ್ತಿದ್ದೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಜಯಮ್ಮ ಕಲಿಸಿದರು. ಗಂಟಲಲ್ಲಿ ಸಿಕ್ಕಿಸಿಕೊಳ್ಳದೆ ಮೊದಲ ಮುದ್ದೆ ಮುಗಿಸಿದಾಗ, ಡಾಕ್ಟರೇಟ್ ಬಂದ ದಿನಕ್ಕಿಂತ ಹೆಚ್ಚು ಹೆಮ್ಮೆಪಟ್ಟಿದ್ದೇನೆ.

ಕೆಲಸದಲ್ಲಿ ಮಾತ್ರ ಎಲ್ಲ ಸುಲಭವಾಗಿ ಸಾಗುತ್ತಿತ್ತು. ನಾನು ಮಾಡಿದ ಪುಡಿ ಮೊದಲ ಪರೀಕ್ಷೆಯಲ್ಲೇ ಎಲ್ಲರ ಪುಡಿಗಿಂತ ಚುರುಕಾಗಿತ್ತು. ಯೋಜನೆ ಮುಂದುವರಿಯಬೇಕೇ ಎಂದು ನಿರ್ಧರಿಸುವ ಪರಿಶೀಲನೆ ಹತ್ತಿರವಿತ್ತು. ಆದರೆ ಬಾಳಿಕೆಯ ಪರೀಕ್ಷೆ ಬಾಕಿಯಿತ್ತು. ಗಾಡಿಯನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನಿಲ್ಲಿಸಿದಂತೆ, ವೋಲ್ಟೇಜನ್ನು ಸಾವಿರಾರು ಸಲ ಏರಿಸಿ ಇಳಿಸಿ ಪುಡಿಯನ್ನು ದಣಿಸುವುದು ಅದು.

ನನ್ನ ಪುಡಿ ದಣಿಯಿತು. ಇಂಗಾಲ ಸವೆದು, ಪ್ಲಾಟಿನಂ ಕಣಗಳು ಜಾಗ ಬಿಟ್ಟು ಒಂದಕ್ಕೊಂದು ಅಂಟಿಕೊಂಡು, ಶಕ್ತಿ ಅರ್ಧಕ್ಕೆ ಇಳಿಯಿತು. ಜೊತೆಗೆ ಕೆಲಸ ಮಾಡುವ ಆರ್.ಟಿ. ನಗರದ ನವೀನ ಮೆಲ್ಲಗೆ ಹೇಳಿದ:

"ಮೊದಲ್ನೇ ರಿಸಲ್ಟ್ ಅಷ್ಟೇ ತೋರ್ಸಣ ಕಣ್ರೀ. ಬಾಳಿಕೇದು ಇನ್ನೂ ನಡೀತಿದೆ ಅಂದ್ರಾಯ್ತು."

"ಬ್ಯಾಡ್ರಿ. ಬಾಳಿಕೀನಽ ನಮ್ಮ ಕೆಲಸ ಅಲ್ಲೇನು?" ಎಂದೆ. ಸಿಟ್ಟು ಬಂದಾಗ, ಹೆದರಿದಾಗ ನನ್ನೂರಿನ ಮಾತೇ ಬರುತ್ತದೆ.

ಪರಿಶೀಲನೆಯಲ್ಲಿ ಎರಡನ್ನೂ ತೋರಿಸಿದೆ. ನಮ್ಮ ಮುಖ್ಯಸ್ಥೆ ಯೋಜನೆಗೆ ವರ್ಷದ ಕೊನೆಯವರೆಗೆ ಮಾತ್ರ ಅವಕಾಶ ಕೊಡಿಸಿದರು. ಅದೇ ವಾರ ಅಪ್ಪ ಫೋನು ಮಾಡಿದರು. ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಖಾಲಿಯಿತ್ತು. "ಬಂದುಬಿಡವ್ವಾ, ಇಲ್ಲೂ ಛಲೋ ಐತಿ" ಎಂದರು. ಮೆಟ್ಟಿಲ ಮೇಲೆ ಕೂತಿದ್ದ ನನ್ನನ್ನು ಜಯಮ್ಮ ಕಂಡರು.

"ಯಾಕವ್ವಾ, ಮೊಖ ಇಂಗೆ ಬಾಡೋಗದೆ?"

ಎಲ್ಲ ಹೇಳಿದೆ. ಅವರು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಮೊರದ ತುಂಬ ನೆನೆದ ಅವರೆಕಾಳು ತಂದು ಪಕ್ಕದಲ್ಲಿ ಇಟ್ಟರು. ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆಯಿಂದ ಜಾರಿಸಬೇಕು. ಹಾಗೆ ಬಿಡಿಸಿದ ಬೇಳೆಗೆ ಇಲ್ಲಿ ಹಿತಕಬೇಳೆ ಎನ್ನುತ್ತಾರೆ. ಇಬ್ಬರೂ ಕೂತು ಹಿಸುಕಿದೆವು. ಮೊರ ಖಾಲಿಯಾಗುವಷ್ಟರಲ್ಲಿ ನನಗೆ ಗೊತ್ತಾಗಿತ್ತು, ಕೆಲಸ ಅರ್ಧಕ್ಕೆ ಬಿಟ್ಟು ಹೋಗಲಾರೆ ಎಂದು. ಅಪ್ಪನಿಗೆ ಹೇಳಿದೆ. ಅವರು ಬೇಸರ ಮಾಡಿಕೊಂಡರು, ಬೈಯಲಿಲ್ಲ.

ನಂತರದ ತಿಂಗಳುಗಳಲ್ಲಿ ಪ್ಲಾಟಿನಂ ಬಿಟ್ಟು ಇಂಗಾಲದ ಹಿಂದೆ ಬಿದ್ದೆ. ಅದನ್ನು ಹೆಚ್ಚು ಕಾಯಿಸಿ ಗಟ್ಟಿ ಮಾಡಿದೆ, ಕಣಗಳನ್ನು ಹಿಡಿದಿಡಲು ಸಾರಜನಕ ಸೇರಿಸಿದೆ. ಹಲವು ಪುಡಿಗಳು ಕೆಟ್ಟವು. ಒಂದು ಪುಡಿ ಮೊದಲಿನಷ್ಟು ಚುರುಕಾಗಿರಲಿಲ್ಲ, ಆದರೆ ಪರೀಕ್ಷೆ ಮುಗಿದ ಬೆಳಿಗ್ಗೆ ನವೀನ ಕಾರಿಡಾರಿನಲ್ಲೇ ಕೂಗಿದ: "ಇಳಿದೇ ಇಲ್ಲ ಅನ್ನಂಗಿದೆ! ಬನ್ರೀ, ನೀವೇ ನೋಡಿ!" ಪರದೆಯ ಮೇಲೆ ಪರೀಕ್ಷೆಗೆ ಮೊದಲಿನ ಗೆರೆ, ಆಮೇಲಿನ ಗೆರೆ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು. ಇನ್ನೊಂದು ಪುಡಿ ಮಾಡಿ ಮತ್ತೆ ಪರೀಕ್ಷಿಸಿದೆವು. ಅದೂ ಉಳಿಯಿತು. ಯೋಜನೆ ಮುಂದುವರಿಯಿತು.

ಆಮೇಲೆ ರಜೆ ಹಾಕಿ ಕಲಬುರಗಿಗೆ ಹೋದೆ. ಅಂಗಳದಲ್ಲಿ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಜಯಮ್ಮನ ಫೋನು ಬಂತು, ಸ್ಪೀಕರಿಗೆ ಹಾಕಿದೆ.

"ಊರಿಗೆ ಯಾವಾಗ ಬರ್ತೀಯವ್ವಾ?"

"ಸೋಮವಾರ ಬರ್ತೀನಿ ಕಣಮ್ಮಾ."

ಅವ್ವನ ಕೈ ನಿಂತಿತು. "ಬರ್ತೀನಿ ಕಣಮ್ಮಾ ಅಂತ! ಮಗಳ ಬಾಯಿ ಕೇಳ್ರಿ" ಎಂದು ಅಪ್ಪನತ್ತ ತಿರುಗಿ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ಆಕಿ ಯಾವ ಊರಿಗಿ ಬಾ ಅನ್ನಲಿಕತ್ಯಾಳ?"

ಹುಟ್ಟಿದೂರಿನ ಅಂಗಳದಲ್ಲಿ ಕೂತು ನಾನು ಫೋನನ್ನು ಪಕ್ಕಕ್ಕಿಟ್ಟೆ. ಉತ್ತರಕ್ಕೆ ಅವ್ವ ಕಾಯಲಿಲ್ಲ. ನೆತ್ತಿಗೆ ಇನ್ನೊಂದಿಷ್ಟು ಎಣ್ಣೆ ತಟ್ಟಿ, ಜಯಮ್ಮನಿಗೂ ಸೇರಿಸಿ ಸೋಮವಾರಕ್ಕೆ ಎಷ್ಟು ರೊಟ್ಟಿ ಬಡಿಯಬೇಕೆಂದು ಕೇಳಿದಳು.